ತೀರ್ಪಿಗಿಂತ ಮೊದಲೇ ಬೀಳುವ ದಂಡ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ಹಳ್ಳಿಗರ ಅನುಭವದ ಮಾತು. ಕೆನಡಾದ ಕಾಡುಗಳ ಕುರಿತು ಅಮೆರಿಕದಲ್ಲಿ ಏಳು ವರ್ಷ ನಡೆದ ಮಾನನಷ್ಟ ಮೊಕದ್ದಮೆಯೊಂದು ಈ ಮಾತಿಗೆ ಸಾಕ್ಷಿಯಾಗಿದೆ.

ಕೆನಡಾದ ಮರ ಹಾಗೂ ಕಾಗದದ ಕಂಪನಿಯಾದ ರೆಸೊಲ್ಯೂಟ್ ಫಾರೆಸ್ಟ್ ಪ್ರಾಡಕ್ಟ್ಸ್ ಅನ್ನು ಗ್ರೀನ್‌ಪೀಸ್ ಸಂಸ್ಥೆ ಅರಣ್ಯನಾಶಕ ಎಂದು ಕರೆದಿತ್ತು. 2016ರ ಮೇ ತಿಂಗಳಲ್ಲಿ ಕಂಪನಿಯು ಜಾರ್ಜಿಯ ರಾಜ್ಯದಲ್ಲಿರುವ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಮಾನನಷ್ಟದ ಆರೋಪವೊಂದೇ ಅದಕ್ಕೆ ಸಾಲಲಿಲ್ಲ. ಸಂಘಟಿತ ಅಪರಾಧಕೂಟಗಳನ್ನು ಮಟ್ಟಹಾಕಲು 1970ರಲ್ಲಿ ರೂಪಿಸಿದ ರಿಕೋ ಕಾಯ್ದೆಯನ್ನೂ ಪರಿಸರವಾದಿಗಳ ಮೇಲೆ ಪ್ರಯೋಗಿಸಿತು. ಕೇಳಿದ ಪರಿಹಾರ 30 ಕೋಟಿ ಕೆನಡಾ ಡಾಲರ್.

2017ರ ಮೇ ತಿಂಗಳಲ್ಲಿ ಪ್ರಕರಣ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯಕ್ಕೆ ವರ್ಗವಾಯಿತು. ಅಕ್ಟೋಬರಿನಲ್ಲಿ ನ್ಯಾಯಾಧೀಶ ಜಾನ್ ಟೈಗರ್ ಅದನ್ನು ವಜಾ ಮಾಡಿದರು. ಕಂಪನಿಯು ತಿದ್ದುಪಡಿ ಮಾಡಿ ಮತ್ತೆ ಬಂದಿತು. 2019ರ ಜನವರಿಯಲ್ಲಿ ರಿಕೋ ಆರೋಪಗಳು ಪೂರ್ಣವಾಗಿ ಬಿದ್ದುಹೋದವು. ಕ್ವಿಬೆಕ್ ಪ್ರಾಂತದ ಮೊಂಟಾನ್ ಬ್ಲಾಂಶ್, ಅಂದರೆ ಬಿಳಿ ಬೆಟ್ಟಗಳ ಪ್ರದೇಶದಲ್ಲಿನ ಮರಕಡಿತದ ಕುರಿತ ಎರಡು ಹೇಳಿಕೆಗಳ ವಿಚಾರವಷ್ಟೇ ಉಳಿಯಿತು. ಅಷ್ಟಕ್ಕೇ ಇನ್ನೂ ನಾಲ್ಕು ವರ್ಷ ಹಿಡಿಯಿತು. ಆ ಮಾತುಗಳನ್ನು ಸುಳ್ಳೆಂದು ತಿಳಿದೇ ಅಥವಾ ಸತ್ಯಾಸತ್ಯವನ್ನು ಲೆಕ್ಕಿಸದೆ ಆಡಲಾಗಿತ್ತೆಂದು ತೋರಿಸಲು ಕಂಪನಿಗೆ ಸಾಧ್ಯವಾಗದೆ, 2023ರ ಏಪ್ರಿಲ್‌ನಲ್ಲಿ ಅವೂ ತಿರಸ್ಕೃತವಾದವು.

ಇದು ಗೆಲುವೇ ಹೌದು. ಆದರೆ ಕಾಡಿಗಾಗಿ ವ್ಯಯವಾಗಬೇಕಿದ್ದ ಏಳು ವರ್ಷಗಳ ಶ್ರಮವು ಕಡತಗಳ ಪಾಲಾಯಿತು. ಇಂಥ ದಾವೆಗಳಿಗೆ ಗೆಲ್ಲುವುದೊಂದೇ ಗುರಿಯಾಗಿರಬೇಕಿಲ್ಲ. ಎದುರಾಳಿಯನ್ನು ದಣಿಸಿದರೂ ಸಾಕು. ದೊಡ್ಡ ಸಂಸ್ಥೆಯೊಂದು ಈ ಭಾರವನ್ನು ಹೊತ್ತೀತು. ಬೆಟ್ಟದ ಊರಿನ ನಾಲ್ಕು ಜನರ ಸಮಿತಿಯಾದರೆ ಮೊದಲ ನೋಟಿಸಿಗೇ ಮೌನ ತಾಳುತ್ತದೆ.

ಈ ಅನ್ಯಾಯಕ್ಕೆ ಕ್ಯಾಲಿಫೋರ್ನಿಯ 1992ರಲ್ಲೇ ಮದ್ದು ಕಂಡುಕೊಂಡಿತ್ತು. ಸಾರ್ವಜನಿಕ ವಿಷಯದಲ್ಲಿ ಬಾಯಿ ಮುಚ್ಚಿಸಲು ಹೂಡಿದ, ಹುರುಳಿಲ್ಲದ ದಾವೆಯನ್ನು ಆರಂಭದಲ್ಲೇ ತಳ್ಳಿಹಾಕಿ, ಪ್ರತಿವಾದಿಯ ವಕೀಲರ ವೆಚ್ಚವನ್ನು ವಾದಿಯಿಂದಲೇ ಕೊಡಿಸಲು ಅಲ್ಲಿನ ಕಾನೂನು ಅವಕಾಶ ನೀಡುತ್ತದೆ. ಅದರ ಬಲದಿಂದಲೇ 2020ರಲ್ಲಿ ರೆಸೊಲ್ಯೂಟ್ ಸುಮಾರು 8 ಲಕ್ಷ ಡಾಲರ್ ತೆರಬೇಕೆಂಬ ಆದೇಶವಾಯಿತು.

ಭಾರತದಲ್ಲಿ ಇಂಥ ಪ್ರತ್ಯೇಕ ಕಾನೂನಿಲ್ಲ. ಬಾಯಿ ಮುಚ್ಚಿಸುವ ದಾವೆಗಳ ಅಪಾಯವನ್ನು ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಎತ್ತಿ ತೋರಿಸಿದ್ದರೂ, ಎಚ್ಚರಿಕೆಯ ಮಾತು ಕಾನೂನಿಗೆ ಸಮನಾಗದು. ಗಣಿ, ಅಣೆಕಟ್ಟು, ಕಾಡುಗಳ ಬಗ್ಗೆ ಮಾತನಾಡುವವರು ಊರು, ದಿನಾಂಕ, ನಕ್ಷೆಗಳನ್ನು ಸರಿಯಾಗಿ ಪರಿಶೀಲಿಸಿಯೇ ಮಾತನಾಡಬೇಕು. ಬಿಳಿ ಬೆಟ್ಟಗಳ ಪ್ರಸಂಗ ಅದನ್ನೂ ಕಲಿಸುತ್ತದೆ. ಹಾಗೆ ಮಾತನಾಡಿದವರನ್ನು ನ್ಯಾಯಾಲಯದ ಹೊಸ್ತಿಲಲ್ಲೇ ರಕ್ಷಿಸುವ ಕಾನೂನನ್ನು ಶಾಸನಸಭೆಗಳಿಂದ ಕೇಳಿ ಪಡೆಯುವುದು ಜನರ ಹಕ್ಕು.