ಪದವಿ ಪಡೆದ ಮಕ್ಕಳೂ ಕೆಲಸ ಕೊಡಿಸುವ ಏಜೆನ್ಸಿಗಳೂ

ಕಲ್ಯಾಣಪುರದ ಸೋದರಿಯೊಬ್ಬರು ನಮಗೆ ಬರೆದಿರುವ ಕಾಗದವೇ ಈ ತಿಂಗಳಿನ ನಮ್ಮ ಬರಹಕ್ಕೆ ಕಾರಣವಾಗಿದೆ. ಅವರ ಹೆಸರನ್ನು ಪ್ರಕಟಿಸುವುದು ಉಚಿತವಲ್ಲವಾದುದರಿಂದ ವಿಷಯವನ್ನಷ್ಟೇ ಸಂಗ್ರಹಿಸಿ ಹೇಳುವೆವು. ಅವರ ಮಗನು ಬಿ.ಕಾಂ. ತೇರ್ಗಡೆಯಾಗಿ ಎರಡು ವರ್ಷಗಳಾಗುತ್ತ ಬಂದಿವೆ. ಬ್ಯಾಂಕಿನ ಪರೀಕ್ಷೆಗೆ ಎರಡು ಸಲ ಕುಳಿತನು. ಎರಡು ಸಲವೂ ಸ್ವಲ್ಪದರಲ್ಲಿ ತಪ್ಪಿಹೋಯಿತು. ಅರ್ಜಿ ಹಾಕಿದಲ್ಲೆಲ್ಲ ‘ಅನುಭವವಿದೆಯೇ?’ ಎಂಬ ಒಂದೇ ಪ್ರಶ್ನೆ. ಹೀಗಿರಲಾಗಿ, ಒಂದೇ ವಾರದಲ್ಲಿ ಎರಡು ಕರೆಗಳು ಬಂದಿವೆ. ಮೊದಲನೆಯದು ಬೆಂಗಳೂರಿನ ಒಂದು ಸ್ಟಾಫಿಂಗ್ ಏಜೆನ್ಸಿಯದು. ಮಂಗಳೂರಿನ ಕಛೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ, ಹನ್ನೊಂದು ತಿಂಗಳ ಕರಾರು, ತಿಂಗಳಿಗೆ ೧೮,೦೦೦ ರೂಪಾಯಿ ಸಂಬಳ. ನೇಮಕದ ಪತ್ರವು ಮಾತ್ರ ಆ ಕಛೇರಿಯ ಹೆಸರಿನಲ್ಲಿರದೆ ಏಜೆನ್ಸಿಯ ಹೆಸರಿನಲ್ಲಿರುವುದು. ಎರಡನೆಯ ಕರೆಯು ಬರಿಯ ಫೋನಿನಲ್ಲಿ ಬಂದುದು. ದೊಡ್ಡ ಕಂಪೆನಿಯಲ್ಲಿ ಕಾಯಂ ಕೆಲಸ, ೩೨,೦೦೦ ರೂಪಾಯಿ ಸಂಬಳ. ಆದರೆ ಮುಂಗಡವಾಗಿ ೪೦,೦೦೦ ರೂಪಾಯಿ ‘ಡಿಪಾಸಿಟ್’ ಕಟ್ಟಬೇಕು.

ಮನೆಯ ಹಿರಿಯರೆಲ್ಲರೂ ಎರಡನೆಯದರ ಪರವಾಗಿದ್ದಾರಂತೆ. “ಹನ್ನೊಂದು ತಿಂಗಳ ಚಾಕರಿಯೂ ಒಂದು ಚಾಕರಿಯೆ? ಕಾಯಂ ಕೆಲಸವು ದುಡ್ಡು ಕೊಡದೆ ಸಿಕ್ಕೀತೆ?” ಎಂಬುದು ಅವರ ವಾದ. ಸೋದರಿಯು ತಮ್ಮ ಎರಡು ಬಳೆಗಳನ್ನು ಅಡವಿಡಲು ಹೊರಟವರು, ಮನಸ್ಸು ಒಪ್ಪದೆ ನಿಂತು, ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ. ಅವರಿಗೆ ಕೂಡಲೇ ಉತ್ತರ ಬರೆದಿದ್ದೇವೆ. ಆದರೆ ಇಂಥ ಪ್ರಶ್ನೆಯು ಇಂದು ಅನೇಕ ಗೃಹಗಳಲ್ಲಿ ಏಳುತ್ತಿರುವುದರಿಂದ, ನಮಗೆ ತಿಳಿದಷ್ಟನ್ನು ಎಲ್ಲ ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು.

ಮೊದಲು ನಮ್ಮ ಕರಾವಳಿಯ ಹಿಂದಿನ ಪದ್ಧತಿಯನ್ನು ಸ್ವಲ್ಪ ನೆನೆಯಬೇಕು. ಕೆಲಸ ಕೊಡಿಸುವ ಮಧ್ಯಸ್ಥರು ನಮಗೆ ಹೊಸಬರಲ್ಲ. ಊರಿನ ಹುಡುಗನನ್ನು ಬೊಂಬಾಯಿಗೆ ಕರೆದೊಯ್ದು, ಹೋಟೆಲಿನಲ್ಲಿ ನಿಲ್ಲಿಸಿ, ರಾತ್ರಿ ಶಾಲೆಗೆ ಸೇರಿಸಿದ ಮಾವನೋ ನೆರೆಮನೆಯವರೋ ಆ ಕಾಲದ ಏಜೆನ್ಸಿಯಾಗಿದ್ದರು. ಇತ್ತ ಊರಿನಲ್ಲಿ ಬ್ಯಾಂಕುಗಳಿದ್ದವು. ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆಯು ಕಾರ್ಪೊರೇಶನ್ ಬ್ಯಾಂಕಾಯಿತು. ೧೯೨೫ರಲ್ಲಿ ಉಡುಪಿಯಲ್ಲಿಯೇ ಹುಟ್ಟಿದ ಇನ್ನೊಂದು ಸಂಸ್ಥೆಯು ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದಲ್ಲಿ ನೆಲೆಸಿತು. ನಮ್ಮ ಹಳ್ಳಿಗಳ ಎಷ್ಟೋ ಸಂಸಾರಗಳು ಈ ಬ್ಯಾಂಕುಗಳ ಸಂಬಳದಿಂದ ತಲೆಯೆತ್ತಿದವು. ಸಿಂಡಿಕೇಟ್ ಬ್ಯಾಂಕು ೧೯೬೯ರಲ್ಲಿಯೂ ಕಾರ್ಪೊರೇಶನ್ ಬ್ಯಾಂಕು ೧೯೮೦ರಲ್ಲಿಯೂ ರಾಷ್ಟ್ರೀಕರಣಗೊಂಡವು. ೨೦೨೦ನೆಯ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಸರಕಾರೀ ಬ್ಯಾಂಕಿನ ಕೆಲಸಕ್ಕೆ ಇಂದು ದೇಶಕ್ಕೆಲ್ಲ ಒಂದಾದ ಪರೀಕ್ಷೆಯನ್ನು ದಾಟಿ ಬರಬೇಕು. ಅದು ನ್ಯಾಯವೇ ಸರಿ. ಆದರೆ ನಮ್ಮವರಿಗೆ ಮನೆಯ ಬಾಗಿಲಿನಂತೆ ಇದ್ದ ಆ ದಾರಿಯು ಮುಂಚಿನ ಹಾಗೆ ಉಳಿದಿಲ್ಲ.

ಸರಕಾರವೂ ಸುಮ್ಮನಿರಲಿಲ್ಲ. ಯುದ್ಧದಿಂದ ಹಿಂದಿರುಗಿದ ಸೈನಿಕರಿಗೆ ಕೆಲಸ ಹುಡುಕಿಕೊಡಲೆಂದು ೧೯೪೫ರಲ್ಲಿ ಏರ್ಪಟ್ಟ ಉದ್ಯೋಗ ವಿನಿಮಯ ವ್ಯವಸ್ಥೆಯು ಆಮೇಲೆ ಎಲ್ಲರಿಗೂ ತೆರೆಯಿತು. ಖಾಲಿ ಸ್ಥಾನಗಳನ್ನು ಆ ಕಛೇರಿಗಳಿಗೆ ತಿಳಿಸಬೇಕೆಂದು ೧೯೫೯ರ ಕಾಯಿದೆಯು ವಿಧಿಸಿತು. ಆದರೆ ತಿಳಿಸಬೇಕೆಂದಿತೇ ಹೊರತು, ಅಲ್ಲಿಂದಲೇ ಜನರನ್ನು ತೆಗೆದುಕೊಳ್ಳಬೇಕೆಂದು ಹೇಳಲಿಲ್ಲ. ಆದುದರಿಂದ ಹೆಸರು ನೋಂದಾಯಿಸಿ ಕರೆಗಾಗಿ ವರ್ಷಗಟ್ಟಲೆ ಕಾದವರ ಕಥೆಯನ್ನು ನಮ್ಮ ಹಿರಿಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆ ಮಾವನೂ, ಊರಿನ ಬ್ಯಾಂಕೂ, ವಿನಿಮಯ ಕಛೇರಿಯೂ ತೆರವು ಮಾಡಿದ ಜಾಗಕ್ಕೆ ಈ ಏಜೆನ್ಸಿಗಳು ಬಂದಿವೆ.

ಏಜೆನ್ಸಿಯೆಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವ್ಯವಹಾರಗಳು ಅಡಗಿವೆ. ಕೆಲವರು ಕಂಪೆನಿಗೆ ತಕ್ಕ ವ್ಯಕ್ತಿಯನ್ನು ಹುಡುಕಿಕೊಟ್ಟು ಹಿಂದೆ ಸರಿಯುವರು. ಅವರ ಪ್ರತಿಫಲವನ್ನು ಕಂಪೆನಿಯೇ ಕೊಡುವುದು, ಸಾಮಾನ್ಯವಾಗಿ ಹೊಸ ನೌಕರನ ಒಂದು ತಿಂಗಳ ಸಂಬಳದಷ್ಟು. ಇನ್ನು ಕೆಲವರು, ಮತ್ತು ಸ್ಟಾಫಿಂಗ್ ಎಂಬುದು ಮುಖ್ಯವಾಗಿ ಇದೇ, ಹುಡುಗನನ್ನು ತಮ್ಮದೇ ನೌಕರನನ್ನಾಗಿ ನೇಮಿಸಿಕೊಂಡು ಬೇರೊಂದು ಸಂಸ್ಥೆಯ ಕೆಲಸಕ್ಕೆ ಕಳುಹಿಸುವರು. ಕೆಲಸ ಹೇಳುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಆ ಸಂಸ್ಥೆಯು ಸಂಬಳದ ಹಣವನ್ನೂ ಅದರ ಮೇಲೆ ಏಜೆನ್ಸಿಯ ಸೇವಾಶುಲ್ಕವನ್ನೂ ತೆರುವುದು. ಅಮೆರಿಕದಲ್ಲಿ ಇಂಥ ಕಂಪೆನಿಗಳು ೧೯೪೦ರ ದಶಕದಲ್ಲಿಯೇ ಬೆಳೆದವು; ನಮ್ಮಲ್ಲಿ ಟೀಮ್‌ಲೀಸ್, ಕ್ವೆಸ್ ಮೊದಲಾದ ದೊಡ್ಡ ಕಂಪೆನಿಗಳು ಈ ಶತಮಾನದಲ್ಲಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಬೆಳೆದಿವೆ.

ಇದು ದೂರದ ಮಾತೆಂದು ಕಲ್ಯಾಣಪುರದವರು ಭಾವಿಸಬೇಕಾಗಿಲ್ಲ. ೧೯೯೬ರಲ್ಲಿ ಉಡುಪಿಯಲ್ಲಿ ಆರಂಭವಾಗಿ, ಅವರ ಪಕ್ಕದ ಸಂತೆಕಟ್ಟೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಬೆಳೆದ ರೋಬೋಸಾಫ್ಟ್ ಎಂಬ ತಂತ್ರಾಂಶ ಕಂಪೆನಿಯನ್ನು ೨೦೨೧ರಲ್ಲಿ ಜಪಾನಿನ ಟೆಕ್ನೋಪ್ರೊ ಸಂಸ್ಥೆಯು ೮೦೫ ಕೋಟಿ ರೂಪಾಯಿಗಳಿಗೆ ಕೊಂಡುಕೊಂಡಿತು. ಆ ಟೆಕ್ನೋಪ್ರೊ ಸಂಸ್ಥೆಯ ಮೂಲ ವ್ಯವಹಾರವೇ ಇಂಜಿನಿಯರುಗಳನ್ನು ತನ್ನಲ್ಲಿ ನೇಮಿಸಿಕೊಂಡು ಅನ್ಯ ಕಂಪೆನಿಗಳ ಕೆಲಸಕ್ಕೆ ಕಳುಹಿಸುವುದು! ಜಪಾನಿನಲ್ಲಿ ಈ ವ್ಯವಹಾರಕ್ಕೆ ೧೯೮೫ರಲ್ಲಿಯೇ ಪ್ರತ್ಯೇಕ ಕಾಯಿದೆಯಾಗಿದೆ. ಏಜೆನ್ಸಿಯ ಕೆಲಸವೆಂದೊಡನೆ ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕೆಂದು ಬೇಡುವೆವು.

ಹೊಸ ಪದವೀಧರನಿಗೆ ಇದರಿಂದಾಗುವ ಉಪಕಾರವೇನು? ಒಂದನೆಯದಾಗಿ, ಒಂದು ಅರ್ಜಿಯಿಂದ ಹತ್ತು ಕಛೇರಿಗಳ ಬಾಗಿಲು ತಟ್ಟಬಹುದು. ಅವುಗಳಲ್ಲಿ ಎಷ್ಟೋ ಕಛೇರಿಗಳು ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಡುವುದಿಲ್ಲ. ಎರಡನೆಯದಾಗಿ, ಒಳ್ಳೆಯ ಏಜೆನ್ಸಿಯು ಅರ್ಜಿಯನ್ನು ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಹೇಗೆ ಉತ್ತರಿಸಬೇಕು ಎಂಬುದನ್ನು ತಿದ್ದಿ ಹೇಳುವುದು. ಹುಡುಗನು ಆಯ್ಕೆಯಾದರೆ ತಾನೇ ಅದಕ್ಕೂ ಲಾಭ? ಮೂರನೆಯದೇ ಮುಖ್ಯವಾದುದು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಗಂಟನ್ನು ಆ ಹನ್ನೊಂದು ತಿಂಗಳು ಬಿಚ್ಚುವುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸುತ್ತೇವೆ. ಎರಡು ವರ್ಷ ಮನೆಯಲ್ಲಿ ಕುಳಿತ ಹುಡುಗನ ಕಲಿಕೆಯೂ ಧೈರ್ಯವೂ ಕುಡಿಕೆಯ ಹೊನ್ನಿನಂತೆಯೇ ಕರಗಿಹೋಗುತ್ತವೆ. ಕೆಲಸವಿಲ್ಲದ ಪದವೀಧರರಿಗೆ ಕರ್ನಾಟಕ ಸರಕಾರವು ಯುವನಿಧಿಯೆಂದು ತಿಂಗಳಿಗೆ ೩,೦೦೦ ರೂಪಾಯಿಯನ್ನು ಎರಡು ವರ್ಷದ ಮಿತಿಗೊಳಪಟ್ಟು ಕೊಡುವ ಯೋಜನೆಯನ್ನು ೨೦೨೩ರ ಕೊನೆಯಲ್ಲಿ ಆರಂಭಿಸಿತು. ಅದು ಅರ್ಜಿಯ ಖರ್ಚಿಗೂ ಬಸ್ಸಿನ ಖರ್ಚಿಗೂ ಆದೀತು. ಕೆಲಸದ ಅಭ್ಯಾಸವನ್ನು ಅದು ಕೊಡಲಾರದು.

ಹಾಗೆಂದು ಏಜೆನ್ಸಿಯನ್ನು ಕಲ್ಪವೃಕ್ಷವೆಂದು ಹೊಗಳುವವರು ನಾವಲ್ಲ. ಕರಾರು ಮುಗಿದ ದಿನ ಕೆಲಸವೂ ಮುಗಿಯಬಹುದು. ಪಕ್ಕದ ಮೇಜಿನ ಕಾಯಂ ನೌಕರನಿಗಿಂತ ಸಂಬಳ ಕಡಮೆಯಿರಬಹುದು. ‘ಮುಂದೆ ಕಂಪೆನಿಯವರೇ ತೆಗೆದುಕೊಳ್ಳುವರು’ ಎಂಬ ಬಾಯಿಮಾತು ಎಷ್ಟೋ ವೇಳೆ ಬಾಯಿಮಾತಾಗಿಯೇ ಉಳಿಯುವುದು. ಆದುದರಿಂದ ಇದನ್ನು ಮೆಟ್ಟಿಲೆಂದು ತಿಳಿದು ಹತ್ತಬೇಕೇ ಹೊರತು, ಜಗಲಿಯೆಂದು ತಿಳಿದು ಕುಳಿತುಕೊಳ್ಳಬಾರದು. ಸಂಜೆಯ ಹೊತ್ತಿನಲ್ಲಿ ಬ್ಯಾಂಕಿನ ಪರೀಕ್ಷೆಯ ಓದು ಮುಂದುವರಿಯಲಿ.

ಇನ್ನು ಒಳ್ಳೆಯ ಏಜೆನ್ಸಿಯನ್ನು ಗುರುತಿಸುವ ಬಗೆಯನ್ನು ಹೇಳುವೆವು. ಎಲ್ಲಕ್ಕಿಂತ ಮೊದಲನೆಯ ಪರೀಕ್ಷೆ ಇದು: ಹಣವನ್ನು ಯಾರು ಕೊಡುತ್ತಾರೆ? ನಿಜವಾದ ಏಜೆನ್ಸಿಗೆ ಗಿರಾಕಿಯು ಕಂಪೆನಿಯೇ; ಹುಡುಗನಲ್ಲ. ನೌಕರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕವನ್ನು ತೆಗೆದುಕೊಳ್ಳಬಾರದೆಂಬುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತನ್ನ ೧೯೯೭ರ ಒಪ್ಪಂದದಲ್ಲಿ ಸಾಮಾನ್ಯ ನಿಯಮವಾಗಿ ಸಾರಿದೆ. ನೋಂದಣಿ, ತರಬೇತಿ, ಲ್ಯಾಪ್‌ಟಾಪಿನ ಭದ್ರತೆ, ಡಿಪಾಸಿಟ್ ಎಂದು ಹೆಸರು ಏನೇ ಇರಲಿ, ಕೆಲಸ ಕೊಡುವ ಮೊದಲು ಕೆಲಸ ಬೇಡುವವನಿಂದ ಹಣ ಕೇಳುವವನಿಗೆ ಕೆಲಸ ಕೊಡಿಸಬೇಕಾದ ಅಗತ್ಯವೇ ಇಲ್ಲ. ಅವನ ಸಂಪಾದನೆಯು ಆಗಲೇ ಮುಗಿದಿರುತ್ತದೆ.

ಎರಡನೆಯದು ನೇಮಕದ ಪತ್ರ. ಯಾರ ಹೆಸರಿನಲ್ಲಿ, ಯಾವ ಊರಿನಲ್ಲಿ, ಎಷ್ಟು ಕಾಲಕ್ಕೆ, ಬಿಡುವ ಮೊದಲು ಎಷ್ಟು ದಿನದ ಸೂಚನೆ ಕೊಡಬೇಕು ಎಂಬುದೆಲ್ಲ ಅದರಲ್ಲಿರಬೇಕು. ೨೦೨೫ನೆಯ ನವೆಂಬರ್ ೨೧ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೇಮಕದ ಪತ್ರವನ್ನು ಕಡ್ಡಾಯಗೊಳಿಸಿವೆ. ಗುತ್ತಿಗೆಯವರು ಸಂಬಳ ಕೊಡದೆಹೋದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಅದನ್ನು ತೆರಬೇಕೆಂಬ ನಿಯಮವು ೧೯೭೦ರ ಕಾಯಿದೆಯಲ್ಲಿತ್ತು; ಹೊಸ ಸಂಹಿತೆಗಳಲ್ಲಿಯೂ ಅದು ಉಳಿದಿದೆ.

ಮೂರನೆಯದು ಸಂಬಳದ ವಿವರ. ಹದಿನೆಂಟು ಸಾವಿರವೆಂದರೆ ಕೈಗೆ ಬರುವುದೆಷ್ಟು? ಉದಾಹರಣೆಗೆ, ಮೂಲ ಸಂಬಳವು ೧೨,೦೦೦ ಆಗಿದ್ದರೆ ನೂರಕ್ಕೆ ೧೨ರಂತೆ ೧,೪೪೦ ರೂಪಾಯಿಯು ಭವಿಷ್ಯ ನಿಧಿಗೆ ಹೋಗುವುದು. ಇ.ಎಸ್.ಐ. ವಿಮೆಗೆ ನೂರಕ್ಕೆ ಮುಕ್ಕಾಲರಂತೆ ಸುಮಾರು ೧೩೫ ರೂಪಾಯಿ. ಉಳಿದ ೧೬,೪೨೫ ರೂಪಾಯಿ ಕೈಗೆ ಬರಬೇಕು. ಕಂಪೆನಿಯು ತನ್ನ ಪಾಲಾಗಿ ಕಟ್ಟತಕ್ಕ ಹಣವನ್ನೂ ಆ ಹದಿನೆಂಟರೊಳಗೇ ಸೇರಿಸಿದ್ದಾರೆಯೇ ಎಂದು ಕೇಳಿಯೇ ತಿಳಿಯಬೇಕು. ಸೇರಿಸಿದ್ದರೆ ಕೈಗೆ ಬರುವುದು ಇನ್ನೂ ಕಡಮೆ. ಭವಿಷ್ಯ ನಿಧಿಯಲ್ಲಿ ದೊರೆಯುವ ಸಂಖ್ಯೆಯು ಹುಡುಗನದೇ. ಮುಂದೆ ಯಾವ ಕೆಲಸಕ್ಕೆ ಹೋದರೂ ಅದೇ ಸಂಖ್ಯೆಯು ನಡೆಯುವುದು. ಏಜೆನ್ಸಿಯು ಆ ಹಣವನ್ನು ನಿಜವಾಗಿ ಕಟ್ಟುತ್ತಿದೆಯೇ ಎಂಬುದನ್ನು ಅವನು ತಿಂಗಳು ತಿಂಗಳು ತನ್ನ ಫೋನಿನಲ್ಲಿಯೇ ನೋಡಬಹುದು.

ನಾಲ್ಕನೆಯದಾಗಿ, ಮೂಲ ಅಂಕಪಟ್ಟಿಯನ್ನೂ ಪದವಿಪತ್ರವನ್ನೂ ಯಾರ ವಶಕ್ಕೂ ಬಿಡಬಾರದು. ತೋರಿಸಿ ಹಿಂದಕ್ಕೆ ತರಬೇಕು. ಐದನೆಯದಾಗಿ, ಯಾವ ಕಂಪೆನಿಯ ಹೆಸರು ಹೇಳುತ್ತಾರೋ ಆ ಕಂಪೆನಿಯ ಸಂಖ್ಯೆಯನ್ನು ನಾವೇ ಹುಡುಕಿ, ಫೋನು ಮಾಡಿ ವಿಚಾರಿಸಬೇಕು. ಅವರು ಕೊಟ್ಟ ಸಂಖ್ಯೆಗೆ ಮಾಡಿದರೆ ಅವರದೇ ಮನುಷ್ಯನು ಉತ್ತರಿಸುವನು. ಅದೇ ಏಜೆನ್ಸಿಯಿಂದ ಕೆಲಸಕ್ಕೆ ಹೋದ ಒಬ್ಬನನ್ನಾದರೂ ಕಂಡು ಮಾತನಾಡುವುದು ಇನ್ನೂ ಲೇಸು.

ಪರದೇಶದ ಕೆಲಸದ ಮಾತು ಬಂದರೆ ಎಚ್ಚರವು ಇಮ್ಮಡಿಯಾಗಬೇಕು. ೧೯೮೩ರ ವಲಸೆ ಕಾಯಿದೆಯಂತೆ ಅಂಥ ಏಜೆಂಟರು ಸರಕಾರದಲ್ಲಿ ನೋಂದಾಯಿತರಾಗಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ತೆರಿಗೆಯ ಹೊರತಾಗಿ ೩೦,೦೦೦ ರೂಪಾಯಿಯ ಮಿತಿಯುಂಟು. ಥಾಯ್ಲೆಂಡಿನಲ್ಲಿ ಕಂಪ್ಯೂಟರಿನ ಕೆಲಸವೆಂದು ನಂಬಿಸಿ, ತರುಣರನ್ನು ಮ್ಯಾನ್ಮಾರಿಗೆ ಸಾಗಿಸಿ ಸೆರೆಯಾಳುಗಳಂತೆ ದುಡಿಸಿಕೊಂಡ ಪ್ರಕರಣಗಳ ಕುರಿತು ೨೦೨೨ರಲ್ಲಿ ಭಾರತ ಸರಕಾರವೇ ಎಚ್ಚರಿಕೆ ಕೊಡಬೇಕಾಯಿತು. ಇನ್ನು, ಫೋನಿನ ಮೂಲಕ ಹಣವನ್ನು ಈಗಾಗಲೇ ಕಳುಹಿಸಿ ಮೋಸಹೋದವರು ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ೧೯೩೦ ಎಂಬ ಸಂಖ್ಯೆಗೆ ದೂರು ಕೊಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಂಭವವುಂಟು.

ಈಗ ಆ ಸೋದರಿಗೆ ನಾವು ಬರೆದ ಉತ್ತರವನ್ನು ವಾಚಕರು ಊಹಿಸಿಯೇ ಇರಬಹುದು. ಕಾಯಂ ಎಂದವನು ಹಣ ಕೇಳಿದನು. ಹಣ ಕೇಳದವನು ಹನ್ನೊಂದೇ ತಿಂಗಳು ಎಂದು ಇದ್ದುದನ್ನು ಇದ್ದಂತೆ ಹೇಳಿದನು. ಇಬ್ಬರಲ್ಲಿ ನಂಬಬಹುದಾದವನು ಯಾರೆಂಬುದನ್ನು ಇಷ್ಟರಿಂದಲೇ ತಿಳಿಯಬಹುದು. ಬಳೆಗಳು ಪೆಟ್ಟಿಗೆಯಲ್ಲಿಯೇ ಇರಲಿ. ಮೇಲೆ ಹೇಳಿದ ಪ್ರಶ್ನೆಗಳನ್ನು ಮಗನೇ ಆ ಬೆಂಗಳೂರಿನ ಏಜೆನ್ಸಿಗೆ ಬರೆದು ಕೇಳಲಿ. ಲಿಖಿತವಾಗಿ ಸರಿಯಾದ ಉತ್ತರ ಬಂದರೆ ಹೊರಡಲಿ. ಮಂಗಳೂರು ಅರುವತ್ತು ಕಿಲೋಮೀಟರು. ಬೆಳಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ರಾತ್ರಿಯ ಊಟಕ್ಕೆ ಮನೆಗೆ ಬರಬಹುದು.

ಕೊನೆಗೊಂದು ಮಾತು ಮನೆಯವರಿಗೆ. ಮದುವೆಮನೆಯಲ್ಲಿ ಯಾರಾದರೂ ‘ಮಗನಿಗೆ ಎಲ್ಲಿ ಕೆಲಸ?’ ಎಂದು ಕೇಳಿದಾಗ ‘ಸದ್ಯಕ್ಕೆ ಏನೋ ಟೆಂಪರರಿ’ ಎಂದು ದನಿ ತಗ್ಗಿಸಬೇಡಿರಿ. ಮಗಳಿಗೆ ಇಂಥ ಕೆಲಸ ದೊರೆತರೆ ‘ಹನ್ನೊಂದು ತಿಂಗಳಿಗಾಗಿ ಯಾಕೆ ಓಡಾಟ?’ ಎಂದು ತಡೆಯಲೂ ಬೇಡಿರಿ. ಕೈಗೆ ಹಣ ಕೇಳುವ ಮೋಸಗಾರನಿಗೆ ನಮ್ಮ ಮನೆಗಳಲ್ಲಿ ಬಾಗಿಲು ತೆರೆಯುವುದು ಬಹುಮಟ್ಟಿಗೆ ಈ ‘ಕಾಯಂ’ ಎಂಬ ಮಾತಿನ ಮೇಲಣ ನಮ್ಮ ವ್ಯಾಮೋಹವೇ. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರ ಮೊದಲ ಕೆಲಸಕ್ಕೆ ನೇಮಕದ ಪತ್ರವೂ ಇರಲಿಲ್ಲ, ಕಾಯಂ ಎಂಬ ಮಾತೂ ಇರಲಿಲ್ಲ. ಅವರು ಪ್ರಾಮಾಣಿಕವಾಗಿ ಆರಂಭಿಸಿದರು, ಅಷ್ಟೇ. ನಮ್ಮ ಮಕ್ಕಳಿಗೂ ಅಂಥದೇ ಒಂದು ಆರಂಭವು ದೊರೆಯಲೆಂದು ಹಾರೈಸುವೆವು.