ಬೋರ್‌ವೆಲ್ ಲೆಕ್ಕ ಇಂಚಿನಲ್ಲಿ ಬೇಡ, ಮಳೆಯಲ್ಲಿ ಹಾಕೋಣ

"ಡ್ರಿಪ್ ಹಾಕ್ಸೀವಿ, ನೀರು ಅರ್ಧಕ್ಕರ್ಧ ಉಳೀತು" ಅಂತ ಹರಪನಹಳ್ಳಿ, ಕೊಟ್ಟೂರು ಕಡೆಯ ಹುಡುಗರು ಹೇಳೋದನ್ನ ಕೇಳ್ತಾನೇ ಇರ್ತೀನಿ. ಸಂತೋಷ. ಆದರೆ ಉಳಿದ ನೀರು ಎಲ್ಲಿ ಹೋಯ್ತು ಅಂತ ನೋಡಿದರೆ, ಪಕ್ಕದ ಇನ್ನೊಂದು ಎಕರೆಗೆ ಅಡಿಕೆ ಸಸಿ ಬಂದಿರುತ್ತೆ. ಎಕರೆ ಲೆಕ್ಕದಲ್ಲಿ ನೀರು ಕಡಿಮೆಯಾಗಿದ್ದು ನಿಜ. ಬೋರ್‌ವೆಲ್‌ನಿಂದ ಎತ್ತಿದ ಒಟ್ಟು ನೀರು ಮಾತ್ರ ಒಂದು ಕೊಡವೂ ಇಳಿದಿಲ್ಲ. ನನ್ನ ತಕರಾರು ಈ ಅಳತೆಯ ಬಗ್ಗೆ. ಹೋದ ವರ್ಷಕ್ಕಿಂತ ಎಷ್ಟು ಉಳಿಸಿದೆವು ಅನ್ನೋದಕ್ಕಿಂತ, ನೆಲ ಎಷ್ಟು ಕೊಡಬಲ್ಲದು ಅನ್ನೋದನ್ನ ಮೊದಲು ಕೇಳಬೇಕು.

ಇದೇ ಪ್ರಶ್ನೆಯನ್ನ 2009ರಲ್ಲಿ ಜೋಹಾನ್ ರಾಕ್‌ಸ್ಟ್ರಾಮ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಇಡೀ ಭೂಮಿಯ ಬಗ್ಗೆ ಕೇಳಿದರು. ಹವಾಮಾನ, ಸಿಹಿನೀರು, ಸಾರಜನಕ–ರಂಜಕ, ಜೀವವೈವಿಧ್ಯ ಸೇರಿ ಒಂಬತ್ತು ವಿಷಯಗಳಲ್ಲಿ ಭೂಮಿ ತಾಳಿಕೊಳ್ಳುವ ಮಿತಿ ಗುರುತಿಸಿದರು. 2023ರ ಲೆಕ್ಕದಲ್ಲಿ ಆರು ಮಿತಿಗಳನ್ನ ನಾವು ದಾಟಿದ್ದೇವೆ. ಅದರಲ್ಲಿ ನೀರು, ಗೊಬ್ಬರ ಎರಡೂ ಇವೆ. ಅದು ದೊಡ್ಡೋರ ಮಾತು ಅಂತ ಬಿಡಬೇಡಿ. ನಮ್ಮ ಹೊಲಕ್ಕೆ ಇಳಿಸಿ ನೋಡೋಣ.

ನಮ್ಮ ಭಾಗದ ಮಳೆ ವರ್ಷಕ್ಕೆ 600 ಮಿ.ಮೀ. ಅಂತ ಇಟ್ಟುಕೊಳ್ಳಿ. ಒಂದು ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್. ಅಂದರೆ ಒಂದು ಎಕರೆ ಮೇಲೆ 24 ಲಕ್ಷ ಲೀಟರ್ ಬೀಳುತ್ತೆ. ಕಣಶಿಲೆಯ ಗಟ್ಟಿ ನೆಲದಲ್ಲಿ ಕೆಳಗೆ ಇಂಗೋದು ನೂರಕ್ಕೆ ಹತ್ತರ ಆಸುಪಾಸು, ಬಂಡೆ ಬಿರುಕಿಲ್ಲದ ಕಡೆ ಇನ್ನೂ ಕಡಿಮೆ. ಧಾರಾಳವಾಗಿ ಹಿಡಿದರೂ ಎಕರೆಗೆ 2.4 ಲಕ್ಷ ಲೀಟರ್. ಇದೇ ನಮ್ಮ ಮಿತಿ.

ಈಗ ಫಸಲಿಗೆ ಬಂದ ಅಡಿಕೆ ನೋಡಿ. ಡ್ರಿಪ್‌ನಲ್ಲೇ ಗಿಡಕ್ಕೆ ದಿನಕ್ಕೆ 16 ಲೀಟರ್ ಬೇಕು. ಎಕರೆಗೆ 550 ಗಿಡ, ಫೆಬ್ರವರಿಯಿಂದ ಮೇವರೆಗೆ 120 ದಿನ: ಹತ್ತೂವರೆ ಲಕ್ಷ ಲೀಟರ್. ಬೇಸಿಗೆ ಒಂದರಲ್ಲೇ ಆ ಒಂದೆಕರೆ ತೋಟ ನಾಲ್ಕು ಎಕರೆಗೂ ಹೆಚ್ಚು ನೆಲದ ಇಂಗುನೀರನ್ನ ಕುಡಿಯುತ್ತೆ. ನಿಮ್ಮದು ಐದೆಕರೆ ಇದ್ದು, ಒಂದೆಕರೆ ಅಡಿಕೆ, ಉಳಿದದ್ದು ಜೋಳ, ಶೇಂಗಾ ಆದರೆ ಲೆಕ್ಕ ಹೇಗೋ ಸರಿದೂಗುತ್ತೆ. ಐದೆಕರೆಗೂ ಅಡಿಕೆ ಅಂದರೆ ಅಕ್ಕಪಕ್ಕದವರ ನೀರು, ಊರಿನ ಕುಡಿಯೋ ನೀರು ಎಳೆದಂಗೇ. ಶೇಂಗಾ, ಮೆಕ್ಕೆಜೋಳದ ದರ ನಂಬಿಕೊಂಡು ಬದುಕೋದು ಎಷ್ಟು ಕಷ್ಟ ಅಂತ ಗೊತ್ತಿದ್ದೂ ಅಡಿಕೆನೇ ಹಾಕಬೇಡಿ ಅನ್ನೋಕೆ ನನಗೆ ಬಾಯಿ ಬರಲ್ಲ. ಎಷ್ಟು ಎಕರೆ ಅನ್ನೋದನ್ನ ಮಾತ್ರ ನರ್ಸರಿಯವರು ಹೇಳಬಾರದು, ಮಳೆ ಹೇಳಬೇಕು.

"ಎರಡು ಇಂಚು ನೀರು ಬಿದ್ದೈತಿ" ಅನ್ನೋದು ಲೆಕ್ಕವಲ್ಲ. 200 ಲೀಟರ್ ಡ್ರಮ್ ಇಟ್ಟು, ಮೊಬೈಲ್ ಸ್ಟಾಪ್‌ವಾಚ್ ಒತ್ತಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. ದಿನಕ್ಕೆ 7 ಗಂಟೆ ತ್ರೀಫೇಸ್ ಕರೆಂಟಿಗೆ 42,000. ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ 120 ದಿನಕ್ಕೆ 50 ಲಕ್ಷ ಲೀಟರ್, ಇಪ್ಪತ್ತು ಎಕರೆಯಲ್ಲಿ ಇಂಗಿದ ನೀರು! ತಿಂಗಳಿಗೊಮ್ಮೆ ಅಳೆದು ಫೋನಲ್ಲಿ ಬರೆದಿಡಿ. ಡ್ರಮ್ ತುಂಬೋ ಸಮಯ ಹೆಚ್ಚಾಗ್ತಾ ಹೋದರೆ ನೆಲ ಸುಸ್ತಾಗಿದೆ ಅಂತಲೇ ಅರ್ಥ.

ಸರ್ಕಾರ ತಾಲ್ಲೂಕುಗಳನ್ನ ಅಳೆಯೋದೂ ಹೀಗೇ. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ, ವರ್ಷಕ್ಕೆ ಎತ್ತಬಹುದಾದ ನೀರಿನಲ್ಲಿ ಶೇ. 70ರವರೆಗೆ ಎತ್ತಿದರೆ ಸುರಕ್ಷಿತ, 90 ದಾಟಿದರೆ ಗಂಭೀರ, 100 ದಾಟಿದರೆ ಅತಿಬಳಕೆ. ತಾಲ್ಲೂಕಿಗೆ ಇರೋ ಈ ಅಳತೆ ಹೊಲಕ್ಕೆ, ಊರಿಗೆ ಯಾಕೆ ಬೇಡ?

ಕೂಡ್ಲಿಗಿಯ 74 ಕೆರೆಗಳಿಗೆ ತುಂಗಭದ್ರಾ ನೀರು ತುಂಬಿಸೋ ಯೋಜನೆ ಇದೆಯಲ್ಲ ಅನ್ನಬಹುದು. ಕೆರೆ ತುಂಬಿದರೆ ಸುತ್ತಲಿನ ಬೋರ್‌ವೆಲ್‌ಗೆ ಜೀವ ಬರುತ್ತೆ, ಬೇಕೇ ಬೇಕು. ಆದರೆ ನದಿಗೂ ಮಿತಿ ಇದೆ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಯಷ್ಟೇ ನಿಲ್ಲೋದು.

ಗೊಬ್ಬರದ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬೇರೆ. ಜಗತ್ತಿನ ಸಾರಜನಕ ಬಳಕೆ ಮಿತಿಯ ಮೂರು ಪಟ್ಟಾಗಿದೆ ಅಂತ, ಎಲ್ಲರೂ ಸಮನಾಗಿ ಕಡಿಮೆ ಮಾಡಿ ಅನ್ನೋದು ನ್ಯಾಯವಲ್ಲ. ಹಗರಿಬೊಮ್ಮನಹಳ್ಳಿಯ ಒಣಹೊಲಕ್ಕೂ ಯುರೋಪಿನ ಹೊಲಕ್ಕೂ ಒಂದೇ ಕತ್ತರಿ ಹಾಕೋಕಾಗಲ್ಲ. ನಮ್ಮ ಮಿತಿ ಮಣ್ಣು ಪರೀಕ್ಷೆಯಲ್ಲಿದೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ 40 ಕೆ.ಜಿ. ಸಾರಜನಕ ಸಾಕು: ಒಂದು ಚೀಲ ಡಿಎಪಿ, ಒಂದೂವರೆ ಚೀಲ ಯೂರಿಯಾ. ಅದರ ಮೇಲೆ ಸುರಿದಿದ್ದು ನಿಮ್ಮ ಜೇಬಿನಿಂದ ಹೋಗಿ ಬಾವಿ ನೀರಿಗೆ ಸೇರುತ್ತೆ.

ಕಷ್ಟ ಇರೋದು ಇಲ್ಲಿ: ನೀವೊಬ್ಬರೇ ಮಿತಿಯಲ್ಲಿದ್ದು, ಬದುವಿನಾಚೆಯವರು ಸಾವಿರ ಅಡಿ ಕೊರೆಸಿದರೆ ಏನು ಬಂತು? ಅದಕ್ಕೇ ಈ ಲೆಕ್ಕ ಗ್ರಾಮ ಪಂಚಾಯ್ತಿಯಲ್ಲಿ ಆಗಬೇಕು. ಅಟಲ್ ಭೂಜಲ ಯೋಜನೆಯಲ್ಲಿ ಪಂಚಾಯ್ತಿವಾರು ನೀರಿನ ಬಜೆಟ್ ಮಾಡೋ ಪದ್ಧತಿ ಬಂದಿದೆ. ಪಂಚಾಯ್ತಿ ಮಟ್ಟದ ಮಳೆ ಲೆಕ್ಕ 'ವರುಣ ಮಿತ್ರ'ಕ್ಕೆ ಫೋನ್ ಮಾಡಿದರೆ ಸಿಗುತ್ತೆ. ಹಡಗಲಿಯ ಮಲ್ಲಿಗೆಯವರು, ಕೂಡ್ಲಿಗಿಯ ಶೇಂಗಾದವರು, ಹರಪನಹಳ್ಳಿಯ ಅಡಿಕೆಯವರು ತಮ್ಮ ತಮ್ಮ ಊರಲ್ಲಿ ಹತ್ತು ಜನ ಸೇರಿ ಡ್ರಮ್ ಲೆಕ್ಕ ಬರೆದುಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ. ಈ ವರ್ಷ ಎಷ್ಟು ಇಂಗಿತು, ಎಷ್ಟು ಎತ್ತಿದೆವು ಅಂತ ಬೋರ್ಡಿನ ಮೇಲೆ ಬರೆಸಿ. ಹೊಸ ಸಸಿಗೆ ಅಡ್ವಾನ್ಸ್ ಕೊಡೋದು ಆಮೇಲೆ ನೋಡೋಣ.