ಅತಿಭಾರಾರೋಪಣ ಮತ್ತು ಡೋಲಿ ಹೊರುವ ಹೆಗಲು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಪಾಠಶಾಲೆಯ ಮಕ್ಕಳೂ ಇದನ್ನು ತಡವರಿಸದೆ ಒಪ್ಪಿಸಬಲ್ಲರು. ಆದರೆ ಅರ್ಥ ಬಿಡಿಸುವಾಗ ಉದಾಹರಣೆಗೆ ಬರುವುದು ಎತ್ತು, ಕತ್ತೆ. ಈಗ ಮನೆಯಲ್ಲಿ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಆದುದರಿಂದ ಈ ದೋಷ ತಮ್ಮನ್ನು ತಾಗದೆಂದು ಶ್ರಾವಕರು ನಿಶ್ಚಿಂತರಾಗಿದ್ದಾರೆ. ಹೀಗೆ ನಿಶ್ಚಿಂತರಾದವರೇ ಕ್ಷೇತ್ರಯಾತ್ರೆಗೆ ಹೊರಟು, ಬೆಟ್ಟದ ಬುಡದಲ್ಲಿ ಡೋಲಿಯ ದರಕ್ಕೆ ಚೌಕಾಸಿ ಮಾಡಿ, ಇನ್ನೊಬ್ಬರ ಹೆಗಲೇರುತ್ತಾರೆ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು 600ಕ್ಕೂ ಮಿಗಿಲು. ಪಾಲಿತಾಣದ ಶತ್ರುಂಜಯಕ್ಕೆ 3,000ಕ್ಕೂ ಹೆಚ್ಚು. ಸಮ್ಮೇದಶಿಖರದಲ್ಲಿ ಹತ್ತಿ, ಟೋಂಕುಗಳನ್ನು ವಂದಿಸಿ, ಇಳಿದು ಬರಲು ಸುಮಾರು 27 ಕಿಲೋಮೀಟರು. 70 ಕಿಲೋ ತೂಗುವ ಯಾತ್ರಿಕರನ್ನು ಇಬ್ಬರು ಹೊತ್ತರೆ, ಡೋಲಿಯ ತೂಕ ಬಿಟ್ಟೇ, ತಲಾ 35 ಕಿಲೋ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸಿನಲ್ಲಿ ವಯಸ್ಕ ಗಂಡಾಳಿನ ಹೊರೆಗೆ 55 ಕಿಲೋ ಮಿತಿ ಕಂಡಿದೆ. ಹಾಗಾದರೆ ಮಿತಿ ಮೀರಿದ್ದೆಲ್ಲಿ ಎಂದು ಯಾರಾದರೂ ವಾದಿಸಬಹುದು. ಈ ವಾದ ತಕ್ಕಡಿಯನ್ನಷ್ಟೇ ಬಲ್ಲುದು.

ದುಡಿಯುವ ಮೈ ಕೆಡುವುದು ಒಂದು ಬಾರಿಯ ಭಾರದಿಂದಲೇ ಅಲ್ಲ, ಬಿಡುವಿಲ್ಲದ ಪುನರಾವೃತ್ತಿಯಿಂದ. ಪ್ರತಿ ಮೆಟ್ಟಿಲಿನ ಹೊಡೆತವೂ ಎಲುಬಿನಲ್ಲಿ, ಸ್ನಾಯುವಿನಲ್ಲಿ, ಇವೆರಡನ್ನು ಬಿಗಿಯುವ ನಾರಿನಲ್ಲಿ ಕಣ್ಣಿಗೆ ಕಾಣದ ಸವೆತವನ್ನು ಉಂಟುಮಾಡುತ್ತದೆ. ವಿಶ್ರಾಂತಿ ದೊರೆತರೆ ದೇಹ ಅದನ್ನು ತಾನೇ ದುರಸ್ತಿ ಮಾಡಿಕೊಂಡು ಮೊದಲಿಗಿಂತ ಗಟ್ಟಿಯಾಗುತ್ತದೆ. ದೊರೆಯದಿದ್ದರೆ ಗಾಯದ ಮೇಲೆ ಗಾಯ. ಸ್ನಾಯು ಕೆಲವು ವಾರಗಳಲ್ಲಿ ಪಳಗೀತು, ನಾರಿಗೂ ಎಲುಬಿಗೂ ತಿಂಗಳುಗಳೇ ಬೇಕು. ಮೇಲುನೋಟಕ್ಕೆ ಬಲಿಷ್ಠನಾದ ಆಳಿನ ಕಾಲೆಲುಬು ಒಳಗೊಳಗೇ ಬಿರುಕು ಬಿಡುವುದು ಹೀಗೆ. ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿಯೇ ನಡೆದು ನಡೆದು ಊದಿದ ಸೈನಿಕರ ಪಾದಗಳನ್ನು ವರ್ಣಿಸಿದ್ದನು; ಅದು ಎಲುಬಿನ ಬಿರುಕೆಂದು ತಿಳಿದದ್ದು ಎಕ್ಸ್‌-ರೇ ಬಂದ ಮೇಲೆ. ಇನ್ನು ಇಳಿಯುವುದು ಸುಲಭವೆಂಬ ಎಣಿಕೆ ಡೋಲಿಯಲ್ಲಿ ಕುಳಿತವರದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಹಿಡಿಯಬೇಕು, ಮೊಣಕಾಲ ಚಿಪ್ಪಿನ ಹಿಂದೆ ಒತ್ತಡ ಏರುತ್ತದೆ.

ಮ್ಯಾರಥಾನ್ ಓಟಗಾರನು 42 ಕಿಲೋಮೀಟರಿಗಾಗಿ ತಿಂಗಳುಗಟ್ಟಲೆ ಅಣಿಯಾಗುತ್ತಾನೆ. ದೂರವನ್ನು ಮೆಲ್ಲಮೆಲ್ಲನೆ ಏರಿಸುತ್ತಾನೆ, ಸ್ಪರ್ಧೆ ಹತ್ತಿರವಾದಂತೆ ಓಟವನ್ನು ತಗ್ಗಿಸುತ್ತಾನೆ. ಡೋಲಿಯವನ ಪಾಡು ಇದಕ್ಕೆ ತಿರುಗುಮುರುಗು. ಯಾತ್ರಿಕರಿಲ್ಲದ ದಿನಗಳಲ್ಲಿ ಕೆಲಸವೇ ಇಲ್ಲ. ಉತ್ಸವವೋ ರಜೆಯೋ ಬಂತೆಂದರೆ ಒಮ್ಮೆಲೇ ಸರದಿಯ ಮೇಲೆ ಸರದಿ. ಹೊರೆ ದಿಢೀರನೆ ಏರುವ ಇಂತಹ ದಿನಗಳೇ ದೇಹಕ್ಕೆ ಅತ್ಯಂತ ಅಪಾಯಕರ.

ಬಲವಂತವೆಲ್ಲಿದೆ, ಕೂಲಿ ಕೊಡುತ್ತಿಲ್ಲವೇ ಎಂಬ ಸಮಾಧಾನ ಸಿದ್ಧವಾಗಿಯೇ ಇದೆ. ಸರದಿಗಿಷ್ಟು ಎಂಬ ಕೂಲಿಯೇ ಬಲವಂತ. ಮೊಣಕಾಲು ಬಾತ ದಿನ ಮನೆಯಲ್ಲಿ ಕುಳಿತರೆ ಆ ದಿನ ಒಲೆ ಹೊತ್ತುವುದಿಲ್ಲವೆಂದಾದಾಗ ಅತಿಭಾರಾರೋಪಣದ ಜೊತೆಗೆ ಅನ್ನಪಾನನಿರೋಧವೂ ಸೇರಿಕೊಳ್ಳುತ್ತದೆ; ಅದೂ ಆ ಐದರಲ್ಲಿ ಒಂದು. ಟ್ರಸ್ಟಿನವರು ತಾವೇ ಹೊರಿಸಿಲ್ಲವೆನ್ನಬಹುದು. ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಕಲಿಸಿದ ಧರ್ಮದಲ್ಲಿ ಈ ಮಾತು ನಡೆಯುವುದೇ? ಮೆಟ್ಟಿಲ ಮೇಲಿನ ಇರುವೆಯನ್ನು ಕಂಡು ಕಾಲನ್ನು ಹಿಂದೆಗೆಯುವ ಭಕ್ತರಿಗೆ, ತಮ್ಮನ್ನು ಹೊತ್ತವನ ಕಾಲು ನಡುಗುವುದು ಕಾಣದಿರುವುದು ಸೋಜಿಗ.

ವೃದ್ಧರೂ ರೋಗಿಗಳೂ ದರ್ಶನದಿಂದ ವಂಚಿತರಾಗಬೇಕೆಂದಾಗಲಿ, ಡೋಲಿಯವರ ಜೀವನೋಪಾಯ ನಿಲ್ಲಬೇಕೆಂದಾಗಲಿ ಇದರ ಅರ್ಥವಲ್ಲ. (ಡೋಲಿಯಲ್ಲಿ ಹತ್ತಿಳಿದು, ಬಳಿಕ ಪೇಟೆಯಲ್ಲಿ ಎರಡು ತಾಸು ಚುರುಕಾಗಿ ಸುತ್ತುವ ಆರೋಗ್ಯವಂತರ ವಿಷಯ ಬೇರೆ.) ದಿನಕ್ಕೆ ಇಷ್ಟೇ ಸರದಿಯೆಂದು ಗೊತ್ತುಮಾಡಿ, ವಾರದಲ್ಲೊಂದು ದಿನ ಕೂಲಿಸಹಿತ ಬಿಡುವು ಕೊಡಬೇಕು. ಭಾರವಾದವರಿಗೆ ಇಬ್ಬರ ಬದಲು ನಾಲ್ವರು ಹೊರಬೇಕು. ಬುಡದಲ್ಲೊಂದು ತೂಕದ ಯಂತ್ರವಿದ್ದರೆ ವಾದಕ್ಕೆ ಎಡೆಯಿಲ್ಲ. ದಾರಿಯಲ್ಲಿ ಡೋಲಿ ಇಳಿಸಿ ಹೆಗಲು ಬದಲಿಸಲು ನೆರಳಿನ ಕಟ್ಟೆಗಳಿರಬೇಕು. ದೊಡ್ಡ ಉತ್ಸವಗಳಿಗೆ ತಿಂಗಳುಗಳ ಮೊದಲೇ ಹೆಚ್ಚು ಆಳುಗಳನ್ನು ಗೊತ್ತುಮಾಡಿ ಕ್ರಮೇಣ ಪಳಗಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು, ನೋವನ್ನು ಬಾಯಿಬಿಟ್ಟು ಹೇಳಿದವನಿಗೆ ಕೂಲಿ ತಪ್ಪಬಾರದು. ಮೊದಲು ಕೆಲಸ ಮುಗಿದ ಮೇಲಷ್ಟೇ ಕಾಣುವ ನೋವು ಆಮೇಲೆ ಕೆಲಸದ ನಡುವೆಯೂ, ಕೊನೆಗೆ ರಾತ್ರಿ ಮಲಗಿದಾಗಲೂ ಬರತೊಡಗುತ್ತದೆ. ಮೊದಲ ಹಂತದಲ್ಲಿ ಕೆಲವು ದಿನಗಳ ವಿಶ್ರಾಂತಿ ಸಾಕಾದೀತು. ಕೊನೆಯ ಹಂತದಲ್ಲಿ ತಿಂಗಳುಗಳೂ ಸಾಲದೆ ಹೋಗಬಹುದು.

ಇದಕ್ಕೆ ಹಣವೆಲ್ಲಿ ಎಂಬ ಪ್ರಶ್ನೆಗೆ ಅಭಿಷೇಕದ ಕಲಶಗಳ ಸವಾಲಿನಲ್ಲಿ ಕೂಗಿದ ಮೊತ್ತವೇ ಉತ್ತರ ಹೇಳಬಲ್ಲುದು. ಬರುವ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ, ಡೋಲಿಯವರ ಬಿಡುವಿನ ಕೂಲಿ ಮತ್ತು ಚಿಕಿತ್ಸೆಯ ಬಾಬು ಯಾವ ಪುಟದಲ್ಲಿದೆಯೆಂದು ಸದಸ್ಯರು ಎದ್ದು ನಿಂತು ಕೇಳಲಿ.